ನಾಳೆಯ ಕ್ಲಾಸ್‌ರೂಮನ್ನು ಈ ವರ್ಷವೇ ಶುರು ಮಾಡುವುದು ಹೇಗೆ

ನಾನು ವಿಜಯಪುರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮುಂದಿನ ಕಾಲದ ಕ್ಲಾಸ್‌ರೂಮ್ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ನನ್ನ ಕಣ್ಣ ಮುಂದೆ ಒಬ್ಬ ಹುಡುಗಿ ಬರುತ್ತಾಳೆ. ತನ್ನ ಹೊಲದ ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿದೆ ಅಂತ ಜೂನ್‌ನಿಂದ ವಾರಕ್ಕೊಮ್ಮೆ ಅಳೆದಿದ್ದಾಳೆ. ಗ್ರಾಫ್ ತಾನೇ ಬಿಡಿಸಿದ್ದಾಳೆ. ಅದನ್ನು ಹಿಡಿದುಕೊಂಡು ಬಂದು, "ಅಕ್ಕೋರ, ಜನವರಿಗೇ ಯಾಕ ಇಷ್ಟು ಇಳೀತ್ರಿ?" ಅಂತ ಕೇಳುತ್ತಾಳೆ. ಇಂಥ ಪ್ರಶ್ನೆ ಹುಟ್ಟುವ ಕ್ಲಾಸ್ ನನಗೆ ಬೇಕು. ಟಿವಿ, ಫೋನು, ಕಂಪ್ಯೂಟರ್ ಎಲ್ಲ ಆ ಕೆಲಸಕ್ಕೆ ಬೇಕಾದ ಸಾಮಾನು.

ಅಂಥ ಕ್ಲಾಸಿಗೆ ಹತ್ತು ವರ್ಷ ಕಾಯಬೇಕಿಲ್ಲ. ನಮ್ಮಂಥ ಶಾಲೆಯಲ್ಲೇ, ಇರುವ ದುಡ್ಡಿನಲ್ಲೇ ಶುರು ಮಾಡಬಹುದು. ಆದರೆ ಕೆಲಸದ ಸರದಿ ತಪ್ಪಬಾರದು. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಮೊದಲು ಪ್ರೊಜೆಕ್ಟರ್ ಬಂತು. ಕಿಟಕಿಗೆ ಪರದೆ ಇರಲಿಲ್ಲ, ಬೆಳಕಿಗೆ ಚಿತ್ರ ಕಾಣಲಿಲ್ಲ. ಹಾಳಾದರೆ ಯಾರು ಜವಾಬ್ದಾರಿ ಅನ್ನುವ ಹೆದರಿಕೆಗೆ ಅದು ಬೀರು ಸೇರಿತು. ಎರಡು ವರ್ಷ ಬಿಟ್ಟು ತೆಗೆದಾಗ ವೈರನ್ನು ಇಲಿ ಕಡಿದಿತ್ತು. ಆ ಎರಡು ವರ್ಷದಲ್ಲಿ ಎರಡು ಬ್ಯಾಚಿನ ಮಕ್ಕಳು ಹತ್ತನೇ ತರಗತಿ ಮುಗಿಸಿ ಹೋಗಿದ್ದರು. ಅದು ನನಗೆ ಇವತ್ತಿಗೂ ಬೇಜಾರು.

ಹೆಜ್ಜೆ 1: ಪೇಟೆಗೆ ಹೋಗುವ ಮೊದಲು ಪಟ್ಟಿ ಮಾಡಿ

ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಳ್ಳಿ. ಎರಡು ವಾರ, ಪ್ರತಿ ಪೀರಿಯಡ್ ಮುಗಿದ ಮೇಲೆ ಒಂದೇ ಸಾಲು ಬರೆಯಿರಿ: ಇವತ್ತು ಮಕ್ಕಳು ಎಲ್ಲಿ ತಡವರಿಸಿದರು? ಆಮೇಲೆ ಪ್ರತಿ ಸಾಲಿನ ಮುಂದೆ ನೋಡಿ. ಇಲ್ಲಿ ಚಿತ್ರ ಓಡಾಡಿದರೆ ಅರ್ಥವಾಗುತ್ತದೆಯೇ? ಮಕ್ಕಳೇ ಅಳೆದು ನೋಡಬೇಕೇ? ಅಥವಾ ನಾನೇ ಇನ್ನೊಮ್ಮೆ ನಿಧಾನಕ್ಕೆ ಹೇಳಿದರೆ ಸಾಕೇ?

ನನ್ನ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಲಿಗೆ ಸೀಮೆಸುಣ್ಣವೇ ಸಾಕಿತ್ತು. ಬೀಜ ಮೊಳೆಯುವ ಪಾಠಕ್ಕೆ ಒದ್ದೆ ಬಟ್ಟೆಯಲ್ಲಿ ಕಟ್ಟಿದ ಮಡಕೆ ಕಾಳಿಗಿಂತ ಒಳ್ಳೆಯ ವಿಡಿಯೊ ಯಾವುದೂ ಇಲ್ಲ. ಆದರೆ ಪರಮಾಣು, ವಿದ್ಯುತ್ ಮಂಡಲ, ಶಬ್ದದ ಅಲೆ ಇವು ಕಣ್ಣಿಗೆ ಕಾಣುವುದಿಲ್ಲ. ಬೋರ್ಡ್ ಮೇಲೆ ಎಷ್ಟು ಬರೆದರೂ ಮಕ್ಕಳು ಬಾಯಿಪಾಠಕ್ಕೆ ಇಳಿಯುತ್ತಾರೆ. ಸಾಮಾನು ಬೇಕಾಗುವುದು ಅಲ್ಲಿಗೆ. ಪಟ್ಟಿಯಲ್ಲಿ ಹತ್ತು ಪಾಠ ಉಳಿದರೆ ಮೊದಲ ವರ್ಷಕ್ಕೆ ಅಷ್ಟೇ ಸಾಕು.

ಹೆಜ್ಜೆ 2: ಕರೆಂಟು, ಧೂಳು, ಬೀಗ

ಇದು ಯಾರಿಗೂ ಇಷ್ಟವಿಲ್ಲದ ಕೆಲಸ. ಆದರೂ ಮೊದಲು ಇದನ್ನೇ ಮುಗಿಸಬೇಕು.

ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ, ಸರಿ ಇದೆಯೇ ನೋಡಿಸಿ. ವೋಲ್ಟ್ ಅಳೆಯುವ ಮೀಟರಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎರಡು ಮೂರು ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಗುಂಡಿಯಲ್ಲೋ ವೈರಿಂಗ್‌ನಲ್ಲೋ ತೊಂದರೆ ಎಲ್ಲಿದೆ ಅಂತ ಹುಡುಕಿಸಿ ಸರಿಮಾಡಿಸಬೇಕು. ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗ ಅದು. ಇದರಲ್ಲಿ ರಾಜಿ ಬೇಡ.

ಆಮೇಲೆ ಇನ್‌ವರ್ಟರ್ ಲೆಕ್ಕ. 43 ಇಂಚಿನ ಎಲ್‌ಇಡಿ ಟಿವಿಗೆ ಸುಮಾರು 100 ವ್ಯಾಟ್, ಲ್ಯಾಪ್‌ಟಾಪ್‌ಗೆ 60, ವೈಫೈ ಡಬ್ಬಿಗೆ 15 ಅಂದುಕೊಳ್ಳಿ. ಒಟ್ಟು 175 ವ್ಯಾಟ್. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇರುತ್ತದೆ. ಬ್ಯಾಟರಿ ಬಹಳ ದಿನ ಬಾಳಬೇಕೆಂದರೆ ಅರ್ಧ ಮಾತ್ರ ಬಳಸಬೇಕು. ಇನ್‌ವರ್ಟರ್ ತಿನ್ನುವುದನ್ನೂ ಕಳೆದರೆ ಕೈಗೆ 750ರಷ್ಟು ಸಿಗುತ್ತದೆ. ಅಂದರೆ ನಾಲ್ಕು ತಾಸು. ಇಡೀ ದಿನ ಕರೆಂಟು ಇಲ್ಲದಿದ್ದರೂ ನಾಲ್ಕೈದು ಪೀರಿಯಡ್ ನಿಲ್ಲುವುದಿಲ್ಲ. ಈ ಲೆಕ್ಕವನ್ನು ಹತ್ತನೇ ತರಗತಿ ಮಕ್ಕಳ ಕೈಯಲ್ಲೇ ಮಾಡಿಸಿ. ವಿದ್ಯುತ್ ಪಾಠ ಅಲ್ಲೇ ಅರ್ಧ ಮುಗಿಯುತ್ತದೆ.

ನಮ್ಮ ಕಡೆ ಎರೆಮಣ್ಣಿನ ಧೂಳು ಎಲ್ಲದರೊಳಗೂ ನುಗ್ಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಟಿವಿಗೆ ಹತ್ತಿ ಬಟ್ಟೆಯ ಗವಸು ಹೊಲಿಸಿ, ಆದರೆ ಆನ್ ಇದ್ದಾಗ ಪೂರ್ತಿ ತೆಗೆಯಿರಿ. ಫೋನುಗಳನ್ನು ತಗಡಿನ ಶೀಟಿನ ಕೋಣೆಯಲ್ಲಿ ಇಡಬೇಡಿ, ಬ್ಯಾಟರಿ ಉಬ್ಬುತ್ತದೆ. ಬೀಗದ ಕೈ ಒಂದು ಹೆಡ್‌ಮಾಸ್ಟರ ಹತ್ತಿರ, ಇನ್ನೊಂದು ಸ್ಟಾಫ್‌ರೂಮಿನ ಗೋಡೆಯ ಮೊಳೆಗೆ. ಸಾಮಾನು ಬಳಸಲು ಮೂರು ಜನರ ಪರವಾನಗಿ ಕೇಳುವಂತಾದರೆ ಒಂದು ತಿಂಗಳಲ್ಲಿ ಎಲ್ಲರೂ ಕೈಬಿಡುತ್ತಾರೆ.

ಹೆಜ್ಜೆ 3: ಪರದೆ ಕೊನೆಯ ಬೆಂಚಿನಿಂದ ಕಾಣಬೇಕು

ಪರದೆಯ ಎತ್ತರದ ಆರು ಪಟ್ಟು ದೂರದವರೆಗೆ ಅಕ್ಷರ ಸಲೀಸಾಗಿ ಓದಬಹುದು ಅನ್ನುವುದು ಒಂದು ಅಂದಾಜು ಲೆಕ್ಕ. 43 ಇಂಚಿನ ಟಿವಿ ಎತ್ತರ ಸುಮಾರು 53 ಸೆಂಟಿಮೀಟರ್. ಅಂದರೆ ಮೂರು ಮೀಟರ್ ಆಚೆ ಕೂತವರಿಗೆ ಕಷ್ಟ. ನಮ್ಮ ಕೋಣೆಗಳು ಆರು ಮೀಟರ್ ಉದ್ದ ಇರುತ್ತವೆ. ಹಿಂದೆ ಕೂತ ಮಕ್ಕಳು "ಕಾಣ್ತದ್ರಿ ಅಕ್ಕೋರ" ಅಂತಲೇ ಹೇಳುತ್ತಾರೆ. ನಂಬಬೇಡಿ. ನೀವೇ ಹೋಗಿ ಕೊನೆಯ ಬೆಂಚಿನಲ್ಲಿ ಕೂತು ಓದಿ ನೋಡಿ.

ದೊಡ್ಡ ಟಿವಿಗೆ ದುಡ್ಡಿಲ್ಲದಿದ್ದರೆ ಬೆಂಚು ಸರಿಸಿ, ಜಮಖಾನ ಹಾಸಿ, ಅರ್ಧಚಂದ್ರದ ಹಾಗೆ ಕೂರಿಸಿ. ಅಕ್ಷರ ದೊಡ್ಡದು ಮಾಡಿ. ಪ್ರೊಜೆಕ್ಟರ್ ಆದರೆ ಚಿತ್ರ ದೊಡ್ಡದು ಬರುತ್ತದೆ, ಆದರೆ ಅದರ ಬೆಳಕು ಕನಿಷ್ಠ 3000 ಲ್ಯೂಮೆನ್ (ಬೆಳಕಿನ ಅಳತೆ) ಇರಬೇಕು, ಕಿಟಕಿಗೆ ದಪ್ಪ ಬಟ್ಟೆ ಬೇಕು. ಬಟ್ಟೆ ಕಟ್ಟಿದ ಕೋಣೆಯಲ್ಲಿ ಏಪ್ರಿಲ್ ತಿಂಗಳು ಮಕ್ಕಳು ಬೆಂದು ಹೋಗುತ್ತಾರೆ. ನನ್ನ ಮಟ್ಟಿಗೆ ನಮ್ಮ ಜಿಲ್ಲೆಗಳಿಗೆ ಟಿವಿಯೇ ಒಳ್ಳೆಯದು.

ಹೆಜ್ಜೆ 4: ಇಂಟರ್ನೆಟ್ ಬರಲಿ ಅಂತ ಕೂರಬೇಡಿ

ಪಾಠ ನಡುವೆ ಸಿಗ್ನಲ್ ಹೋಗಿ ವಿಡಿಯೊ ಗಿರಗಿರ ಸುತ್ತುತ್ತಾ ನಿಂತರೆ ನಲವತ್ತು ಮಕ್ಕಳನ್ನು ಮತ್ತೆ ಹಿಡಿದು ಕೂರಿಸುವುದು ಎಷ್ಟು ಕಷ್ಟ ಅಂತ ನಮಗೇ ಗೊತ್ತು, ಅಲ್ವಾ? ಅದಕ್ಕೆ ಮನೆಯಲ್ಲೋ ಸಿಗ್ನಲ್ ಸಿಗುವ ಕಡೆಯೋ ಮೊದಲೇ ಇಳಿಸಿಕೊಳ್ಳಿ.

2017ರಲ್ಲಿ ಶುರುವಾದ ದೀಕ್ಷಾ ಆಪ್ ನಿಮಗೆಲ್ಲ ಗೊತ್ತಿರುತ್ತದೆ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ತೆರೆಯುತ್ತದೆ. ಒಮ್ಮೆ ಡೌನ್‌ಲೋಡ್ ಮಾಡಿದರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು ಮಾಡಿದ ಫೆಟ್ ಸಿಮ್ಯುಲೇಶನ್‌ಗಳು, ಅಂದರೆ ಪರದೆ ಮೇಲೆ ಮಾಡಿ ನೋಡುವ ಪ್ರಯೋಗಗಳು, ಉಚಿತ, ಕೆಲವು ಕನ್ನಡದಲ್ಲೂ ಇವೆ. ಒಂದೊಂದೂ ಒಂದು ಸಣ್ಣ ಫೈಲು. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಯಾವ ಬ್ರೌಸರಿನಲ್ಲಾದರೂ ತೆರೆಯಬಹುದು. ಬಲ್ಬು, ವೈರು, ಸೆಲ್ ಜೋಡಿಸುವ ಸಿಮ್ಯುಲೇಶನ್ ಕೊಟ್ಟರೆ ಮಕ್ಕಳು ಶಾರ್ಟ್ ಸರ್ಕ್ಯೂಟ್ ಮಾಡಿ ಬೆಂಕಿ ಹತ್ತಿಸಿ ನೋಡುತ್ತಾರೆ. ನೋಡಲಿ. ಪರದೆ ಮೇಲಿನ ಬೆಂಕಿಗೆ ಯಾರ ಕೈಯೂ ಸುಡುವುದಿಲ್ಲ.

ಕಿವಿಕ್ಸ್ ಅನ್ನುವ ಆಪ್‌ನಲ್ಲಿ ಇಡೀ ಕನ್ನಡ ವಿಕಿಪೀಡಿಯವನ್ನೇ ಒಂದು ಫೈಲಾಗಿ ಇಟ್ಟುಕೊಳ್ಳಬಹುದು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ ಮಕ್ಕಳ ಕತೆಗಳಿವೆ, ಓದುವುದರಲ್ಲಿ ಹಿಂದಿರುವವರಿಗೆ ಅದು ದೊಡ್ಡ ಆಸರೆ. ಗಣಿತದವರಿಗೆ ಆಕೃತಿ, ಗ್ರಾಫ್ ಬಿಡಿಸುವ ಜಿಯೋಜಿಬ್ರಾ ಆಪ್.

ಕನ್ನಡ ಪಾಠ ಮಾಡುವವರಿಗೆ ಒಂದು ಮಾತು. ಫ.ಗು. ಹಳಕಟ್ಟಿಯವರು 1925ರಲ್ಲಿ ನಮ್ಮ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ಶುರು ಮಾಡಿ ತಾಳೆಗರಿಯಲ್ಲಿದ್ದ ವಚನಗಳನ್ನು ಅಚ್ಚು ಹಾಕಿದರು. ಆ ಕಾಲಕ್ಕೆ ಅದೇ ಹೊಸ ಯಂತ್ರ. ಈಗ ವಚನ ಸಂಚಯ ಜಾಲತಾಣದಲ್ಲಿ ಯಾವ ಪದ ಕೊಟ್ಟರೂ ಅದು ಬರುವ ವಚನಗಳೆಲ್ಲ ಸಿಗುತ್ತವೆ. 'ನೀರು' ಅಂತ ಹುಡುಕಿಸಿ. ಯಾವ ವಚನಕಾರರು ನೀರನ್ನು ಯಾವುದಕ್ಕೆ ಹೋಲಿಸಿದ್ದಾರೆ ಅಂತ ಮಕ್ಕಳೇ ಗುಂಪು ಮಾಡಲಿ. ಕೂಡಲಸಂಗಮವೂ ಬಸವನ ಬಾಗೇವಾಡಿಯೂ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ ಇರುವ ಮಕ್ಕಳಿಗೆ ಇದು ಬೇರೆಯವರ ಸಾಹಿತ್ಯ ಅನ್ನಿಸುವುದಿಲ್ಲ.

ಹೆಜ್ಜೆ 5: ಒಂದು ಪೀರಿಯಡ್ ಪೂರ್ತಿ ಮಾಡಿ ನೋಡಿ

ಎಲ್ಲ ಪಾಠವನ್ನೂ ಒಮ್ಮೆಲೇ ಬದಲಾಯಿಸಲು ಹೋಗಬೇಡಿ. ಒಂದೇ ಒಂದು ಪೀರಿಯಡ್ ಆರಿಸಿಕೊಂಡು ಚೆನ್ನಾಗಿ ಮಾಡಿ. ನಾನು ಶಬ್ದದ ವೇಗವನ್ನು ಆರಿಸಿಕೊಂಡೆ. ಮಾಡಿದ್ದು ಹೀಗೆ.

ಎರಡು ಫೋನು, ಒಂದು ಟೇಪು ಸಾಕು. ಫೋನುಗಳಲ್ಲಿ ಫೈಫಾಕ್ಸ್ ಅನ್ನುವ ಉಚಿತ ಆಪ್ ಹಾಕಿಕೊಳ್ಳಿ. ಜರ್ಮನಿಯ ಆಖೆನ್ ಊರಿನ ವಿಶ್ವವಿದ್ಯಾಲಯದವರು ಮಾಡಿದ್ದು. ಫೋನಿನ ಒಳಗಿರುವ ಮೈಕು, ಸೆನ್ಸಾರುಗಳನ್ನೆಲ್ಲ ಅಳೆಯುವ ಸಾಧನ ಮಾಡಿಬಿಡುತ್ತದೆ. ಅದರಲ್ಲಿ ಅಕೌಸ್ಟಿಕ್ ಸ್ಟಾಪ್‌ವಾಚ್ ಅಂತ ಇದೆ. ಒಂದು ಚಪ್ಪಾಳೆಗೆ ಶುರು ಆಗುತ್ತದೆ, ಮುಂದಿನ ಚಪ್ಪಾಳೆಗೆ ನಿಲ್ಲುತ್ತದೆ.

ಫೋನುಗಳನ್ನು ಸರಿಯಾಗಿ 5 ಮೀಟರ್ ದೂರದಲ್ಲಿಡಿ. ಒಂದೊಂದರ ಹಿಂದೆ ಒಬ್ಬರು ನಿಲ್ಲಲಿ. ನಾಲ್ವರೂ, ಅಂದರೆ ಇಬ್ಬರು ಮಕ್ಕಳು ಎರಡು ಫೋನು, ಒಂದೇ ಗೆರೆಯಲ್ಲಿರಬೇಕು. ಮೊದಲು ಈ ಕಡೆಯ ಹುಡುಗಿ ಚಪ್ಪಾಳೆ ಹೊಡೆಯುತ್ತಾಳೆ. ಅವಳ ಫೋನು ತಕ್ಷಣ ಶುರುವಾಗುತ್ತದೆ, ಆ ಕಡೆಯದು ಶಬ್ದ ಅಲ್ಲಿಗೆ ಮುಟ್ಟಿದ ಮೇಲೆ. ಎರಡು ಸೆಕೆಂಡು ಬಿಟ್ಟು ಆ ಕಡೆಯ ಹುಡುಗ ಹೊಡೆಯುತ್ತಾನೆ. ಈಗ ಅವನ ಫೋನು ಮೊದಲು ನಿಲ್ಲುತ್ತದೆ, ಇವಳದು ತಡವಾಗಿ. ಎರಡೂ ಫೋನಿನ ಸಮಯದ ವ್ಯತ್ಯಾಸ ಅಂದರೆ ಶಬ್ದ 10 ಮೀಟರ್ ಓಡಲು ತೆಗೆದುಕೊಂಡ ಸಮಯ.

ಮೊದಲ ಸಲ ಏನೂ ಸರಿ ಬರಲಿಲ್ಲ. ಪಕ್ಕದ ಕ್ಲಾಸಿನ ಗದ್ದಲಕ್ಕೇ ಫೋನು ಶುರುವಾಗುತ್ತಿತ್ತು. ಆಪ್‌ನಲ್ಲಿ ಎಷ್ಟು ಜೋರು ಶಬ್ದಕ್ಕೆ ಎಚ್ಚರಾಗಬೇಕು ಅಂತ ಹೊಂದಿಸುವ ಅಂಕಿ ಇದೆ, ಅದನ್ನು ಏರಿಸಿದೆವು. ಬಯಲಿಗೆ, ಬೇವಿನ ಮರದ ಕೆಳಗೆ ಹೋದೆವು. ಅಲ್ಲಿ ಒಂದು ಫೋನು 2.418 ತೋರಿಸಿತು, ಇನ್ನೊಂದು 2.389. ವ್ಯತ್ಯಾಸ 0.029 ಸೆಕೆಂಡು. ಹತ್ತನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 345 ಮೀಟರ್. ಪುಸ್ತಕದಲ್ಲಿ 22 ಡಿಗ್ರಿಗೆ 344 ಅಂತಿದೆ. ಲೆಕ್ಕ ಮಾಡಿದ ಹುಡುಗ ಒಂದು ಗಳಿಗೆ ಸುಮ್ಮನೆ ನಿಂತ. ಆಮೇಲೆ, "ಅಕ್ಕೋರ, ಪುಸ್ತಕದಾಗಿಂದು ಖರೆ ಐತ್ರಿ!" ಅಂದ. ಪುಸ್ತಕದ ಮಾತನ್ನು ತಾನೇ ಪರೀಕ್ಷೆ ಮಾಡಬಹುದು ಅಂತ ಅವನಿಗೆ ಅವತ್ತು ಗೊತ್ತಾಯಿತು. ಈ ವೃತ್ತಿಯಲ್ಲಿ ನನಗೆ ಇದಕ್ಕಿಂತ ದೊಡ್ಡ ಸಂಬಳ ಇಲ್ಲ.

ಅಳತೆ ಹತ್ತು ಸಲ ಮಾಡಿಸಿ, ಸರಾಸರಿ ತೆಗೆಸಿ. ಒಂದೇ ಸಲಕ್ಕೆ ಇಷ್ಟು ಚಂದ ಬಂದರೆ ಅದೃಷ್ಟ ಅಂತಲೂ ಹೇಳಿ. 0.001 ಸೆಕೆಂಡು ಹೆಚ್ಚುಕಡಿಮೆ ಆದರೂ ಉತ್ತರ 12 ಮೀಟರಿನಷ್ಟು ಜಿಗಿಯುತ್ತದೆ. ದೂರವನ್ನು 20 ಮೀಟರಿಗೆ ಏರಿಸಿದರೆ ಈ ಜಿಗಿತ ಕಡಿಮೆಯಾಗುತ್ತದೆ. ಯಾಕೆ ಅಂತ ಅವರೇ ಹುಡುಕಲಿ. ಮಾರ್ಚ್‌ನಲ್ಲಿ ಮತ್ತೆ ಮಾಡಿಸಿ. 35 ಡಿಗ್ರಿ ಬಿಸಿಲಿಗೆ ವೇಗ 352ರ ಹತ್ತಿರ ಇರಬೇಕು.

ಇದಾದ ಮೇಲೆ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿ. ಆದಿಲ್‌ಶಾಹಿ ಕಾಲದ ಆ ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಮೇಲಿನ ಪಡಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕೇಳುತ್ತದೆ. ನೇರ ದಾಟಿದ್ದರೆ ಅದಕ್ಕೆ 0.11 ಸೆಕೆಂಡು ಬೇಕು. ಗೋಡೆ ಹಿಡಿದು ಅರ್ಧ ಸುತ್ತು ಬಂದಿದ್ದರೆ 60 ಮೀಟರ್, 0.17 ಸೆಕೆಂಡು. ಪಿಸುಮಾತು ಯಾವ ದಾರಿಯಲ್ಲಿ ಬಂತು? ನನ್ನ ಮಕ್ಕಳು ಮೊದಲು ಹೇಳಿದ್ದು ನೇರ ದಾರಿ. ಆಮೇಲೆ ಒಬ್ಬಳು ಗೋಡೆಯಿಂದ ಮುಖ ಎರಡು ಹೆಜ್ಜೆ ಹಿಂದಕ್ಕೆ ತಂದು ಪಿಸುಗುಟ್ಟಿ ನೋಡಿದಳು. ಎದುರಿನವಳಿಗೆ ಸರಿಯಾಗಿ ಕೇಳಲಿಲ್ಲ. ಗೋಡೆ ಹಿಡಿದೇ ಬರುತ್ತದೆ ಅನ್ನುವುದಕ್ಕೆ ಅವರೇ ಕಂಡುಕೊಂಡ ಸಾಕ್ಷಿ ಅದು. ಜನ ಕಡಿಮೆ ಇರುವ ಬೆಳಗಿನ ಹೊತ್ತು ಹೋಗಿ, ಇಲ್ಲದಿದ್ದರೆ ಕಿರುಚಾಟದಲ್ಲಿ ಏನೂ ತಿಳಿಯುವುದಿಲ್ಲ. ಬಾಗಲಕೋಟೆ, ಬೆಳಗಾವಿ ಕಡೆಯವರು ಬಾದಾಮಿಯ ಬಂಡೆ, ಗೋಕಾಕ ಫಾಲ್ಸ್ ಇಟ್ಟುಕೊಂಡು ತಮ್ಮದೇ ಪಾಠ ಕಟ್ಟಬಹುದು.

ಹೆಜ್ಜೆ 6: ಫೋನು ಯಾರ ಕೈಯಲ್ಲಿದೆ ಅಂತ ಬರೆದಿಡಿ

ನಲವತ್ತು ಮಕ್ಕಳಿಗೆ ಎಂಟು ಫೋನು ಸಾಕು. ಊರಿನವರ ಬಳಿ ಸ್ಕ್ರೀನ್ ಸ್ವಲ್ಪ ಒಡೆದ, ಆದರೆ ನಡೆಯುವ ಫೋನುಗಳು ಬೇಕಾದಷ್ಟು ಇರುತ್ತವೆ. ಕೇಳಿ ಪಡೆಯಿರಿ. ಹಳೆಯದನ್ನೆಲ್ಲ ಅಳಿಸಿ, ಸಿಮ್ ತೆಗೆದು ಬಳಸಿ. ಗುಂಪಿಗೆ ಐದು ಜನ.

ಮೊದಲ ತಿಂಗಳು ನಾನು ಒಂದು ವಿಷಯ ಗಮನಿಸಿರಲಿಲ್ಲ. ಎಲ್ಲ ಗುಂಪಿನಲ್ಲೂ ಫೋನು ಹುಡುಗರ ಕೈಯಲ್ಲಿ, ಪೆನ್ನು ಹುಡುಗಿಯರ ಕೈಯಲ್ಲಿ. ಅಕ್ಷರ ಚೆನ್ನಾಗಿದೆ ಅಂತ ಬರೆಯುವ ಕೆಲಸ ಅವರಿಗೇ ಬರುತ್ತಿತ್ತು. ಮನೆಯಲ್ಲೂ ಆ ಹುಡುಗಿಯರಿಗೆ ಫೋನು ಸಿಗುವುದಿಲ್ಲ. ಆಗಿನಿಂದ ಹಾಜರಿ ಪುಸ್ತಕದ ಪಕ್ಕ ಒಂದು ಹಾಳೆ ಇಟ್ಟಿದ್ದೇನೆ. ಇವತ್ತು ಯಾರು ಹಿಡಿದರು, ಯಾರು ಅಳೆದರು, ಯಾರು ಬರೆದರು ಅಂತ ಒಂದೊಂದು ಗುರುತು. ವಾರಕ್ಕೊಮ್ಮೆ ಸರದಿ ಬದಲು. ದಯವಿಟ್ಟು ಇದನ್ನು ಬಿಡಬೇಡಿ.

ಬರೆಯಲು ಹಿಂಜರಿಯುವ ಮಕ್ಕಳಿಗೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿಸಿ. ಮಾತು ಅಕ್ಷರವಾಗಿ ಮೂಡುತ್ತದೆ. ನಮ್ಮ ಕಡೆಯ ಮಾತನ್ನು ಅದು ಸ್ವಲ್ಪ ತಪ್ಪು ಹಿಡಿಯುತ್ತದೆ, ಮಕ್ಕಳು ತಿದ್ದುತ್ತಾರೆ. ತಿದ್ದುವಾಗಲೇ ಕಾಗುಣಿತ ಕಲಿಯುತ್ತಾರೆ. ತಾಂಡಾದಿಂದ ಬರುವ ಮಕ್ಕಳು ಅಜ್ಜಿಯ ಲಂಬಾಣಿ ಹಾಡನ್ನು ರೆಕಾರ್ಡ್ ಮಾಡಿ ತರಲಿ, ಕ್ಲಾಸಿಗೆ ಕನ್ನಡದಲ್ಲಿ ಅರ್ಥ ಹೇಳಲಿ. ಅವತ್ತು ಪಾಠ ಹೇಳುವವರು ಅವರೇ.

ಹೆಜ್ಜೆ 7: ಎಐ ಬಂದಿದೆ, ತಪ್ಪು ಹುಡುಕಲು ಕಲಿಸಿ

ನಾನು ಎಐ, ಅಂದರೆ ಕೇಳಿದ್ದನ್ನು ಬರೆದುಕೊಡುವ ಕೃತಕ ಬುದ್ಧಿಮತ್ತೆ, ಬಳಸುತ್ತೇನೆ. ಪ್ರಶ್ನೆಪತ್ರಿಕೆಯ ಕರಡು, ಒಂದೇ ವಿಷಯಕ್ಕೆ ಮೂರು ಮಟ್ಟದ ಅಭ್ಯಾಸ ಹಾಳೆ, ಇವಕ್ಕೆಲ್ಲ ಸಮಯ ಉಳಿಯುತ್ತದೆ. ಆದರೆ ಓದದೆ ಕ್ಲಾಸಿಗೆ ಒಯ್ಯುವುದಿಲ್ಲ. ಒಮ್ಮೆ ನಮ್ಮ ಜಿಲ್ಲೆಯ ನೀರಾವರಿ ಬಗ್ಗೆ ಬರೆಸಿದಾಗ ಆಲಮಟ್ಟಿ ಅಣೆಕಟ್ಟನ್ನು ಭೀಮಾ ನದಿಗೆ ಕಟ್ಟಿಬಿಟ್ಟಿತ್ತು. ನಾನು ಅದನ್ನು ಅಳಿಸದೆ ಹಾಗೇ ಟಿವಿ ಮೇಲೆ ಹಾಕಿದೆ. "ಇದರಲ್ಲಿ ಒಂದು ತಪ್ಪಿದೆ, ಹುಡುಕಿ" ಅಂದೆ. ಅರ್ಧ ನಿಮಿಷ ಆಗಿರಲಿಲ್ಲ, "ಆಲಮಟ್ಟಿ ಕೃಷ್ಣಾ ಮ್ಯಾಲ ಐತ್ರೀ!" ಅಂತ ಇಡೀ ಕ್ಲಾಸು ಕೂಗಿತು.

ಈಗ ತಿಂಗಳಿಗೊಮ್ಮೆ ಇದನ್ನೇ ಮಾಡುತ್ತೇವೆ. ಎಐ ಬರೆದ ಒಂದು ಪ್ಯಾರಾ, ಕೈಯಲ್ಲಿ ಪಠ್ಯಪುಸ್ತಕ, ಮನೆಯಲ್ಲಿ ಹಿರಿಯರು. ಯಾವ ಮಾತು ಸರಿ, ಯಾವುದು ತಪ್ಪು, ಯಾವುದನ್ನು ಯಾರನ್ನು ಕೇಳಿ ಖಾತ್ರಿ ಮಾಡಿಕೊಂಡೆ ಅಂತ ಬರೆಯಬೇಕು. ಮಕ್ಕಳ ಕೈಗೆ ನೇರವಾಗಿ ಎಐ ಖಾತೆ ನಾನು ಕೊಡುವುದಿಲ್ಲ. ಅವರ ಹೆಸರು, ಫೋಟೊ, ಅಂಕ ಯಾವುದನ್ನೂ ಅದರಲ್ಲಿ ಹಾಕುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ವರ್ಷದ ಒಳಗಿನವರ ಮಾಹಿತಿ ಬಳಸಲು ತಂದೆತಾಯಿ ಒಪ್ಪಿಗೆ ಬೇಕು ಅನ್ನುತ್ತದೆ. ಕಾಯ್ದೆ ಇರಲಿ ಬಿಡಲಿ, ಮಗುವಿನ ಫೋಟೊ ಹಾಕುವ ಮೊದಲು ಅವರ ಅವ್ವನನ್ನು ಕೇಳುವುದು ನಮ್ಮ ಕರ್ತವ್ಯ. ಆನ್‌ಲೈನ್ ಮೋಸಕ್ಕೆ 1930, ಮಕ್ಕಳ ಸಹಾಯಕ್ಕೆ 1098. ಈ ಎರಡು ನಂಬರನ್ನು ಬೋರ್ಡಿನ ಮೂಲೆಯಲ್ಲಿ ಪೇಂಟ್ ಮಾಡಿಸಿ.

ಹೆಜ್ಜೆ 8: ಊರು ಬಿಟ್ಟು ಹೋಗುವ ಮಕ್ಕಳಿಗೆ ಪಾಠ ತಲುಪಿಸಿ

ದೀಪಾವಳಿ ಮುಗಿಯುತ್ತಿದ್ದ ಹಾಗೆ ಕಬ್ಬು ಕಡಿಯಲು ಹೋಗುವ ಮನೆಗಳು ಪ್ರತಿ ಕ್ಲಾಸಿನಲ್ಲೂ ಇವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ತಿರುಗಿ ಬಂದಾಗ ಮೂರು ತಿಂಗಳ ಪಾಠ ಹೋಗಿರುತ್ತದೆ, ಆಮೇಲೆ ಶಾಲೆಯೇ ಬೇಡ ಅನ್ನಿಸುತ್ತದೆ. ನನ್ನ ಮಟ್ಟಿಗೆ ತಂತ್ರಜ್ಞಾನ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಈ ಮಕ್ಕಳಿಗೆ.

ಹೋಗುವ ಮೊದಲು ಅಪ್ಪನದೋ ಕಾಕಾನದೋ ವಾಟ್ಸ್ಆ್ಯಪ್ ನಂಬರು ತೆಗೆದುಕೊಳ್ಳಿ. ದಿನಕ್ಕೆ ಒಂದು ಧ್ವನಿ ಸಂದೇಶ, ಮೂರು ನಿಮಿಷ ದಾಟಬಾರದು. ಜೊತೆಗೆ ಬೋರ್ಡಿನ ಒಂದು ಫೋಟೊ. ವಿಡಿಯೊ ಬೇಡ, ಅವರ ಡೇಟಾ ಖಾಲಿಯಾಗುತ್ತದೆ. ಮಗುವಿನ ಹೆಸರು ಹಿಡಿದು ಮಾತಾಡಿ. ರಾತ್ರಿ ಗುಡಿಸಲಲ್ಲಿ ಅಪ್ಪ ಬಂದ ಮೇಲೆ ಕೇಳುತ್ತಾರೆ. ಉತ್ತರವನ್ನೂ ಧ್ವನಿಯಲ್ಲೇ ಕಳಿಸಲು ಹೇಳಿ. ಹಿಂದೆ ಗಾಡಿ, ಎತ್ತಿನ ಗಂಟೆ ಸದ್ದು ಕೇಳಿಸುವ ಉತ್ತರಗಳು ನನ್ನ ಫೋನಿನಲ್ಲಿವೆ. ಒಂದನ್ನೂ ಅಳಿಸಿಲ್ಲ.

ಹೆಜ್ಜೆ 9: ದುಡ್ಡು ಕೇಳುವುದು, ಸಾಮಾನು ಉಳಿಸಿಕೊಳ್ಳುವುದು

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಪಟ್ಟಿ ಹಿಡಿದುಕೊಂಡು ಹೋಗಬೇಡಿ, ಮಕ್ಕಳನ್ನು ಕರೆದುಕೊಂಡು ಹೋಗಿ. ಚಪ್ಪಾಳೆ ಪ್ರಯೋಗವನ್ನು ಸದಸ್ಯರ ಎದುರು ಮಾಡಿ ತೋರಿಸಲಿ. ನಮ್ಮಲ್ಲಿ ಇನ್‌ವರ್ಟರ್ ಬಂದಿದ್ದು ಹಾಗೆ. ಬ್ಯಾಟರಿಯನ್ನು ಹಳೆಯ ವಿದ್ಯಾರ್ಥಿಗಳು ಕೂಡಿ ಕೊಡಿಸಿದರು. ದೊಡ್ಡದಾಗಿ ಮಾಡಬೇಕು ಅನ್ನುವ ಶಾಲೆಗಳು ಮಕ್ಕಳು ತಾವೇ ಮಾಡಿ ಕಲಿಯುವ ಲ್ಯಾಬ್ ಕೊಡುವ ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯನ್ನೂ ನೋಡಬಹುದು, ಅದು 6ರಿಂದ 12ನೇ ತರಗತಿಯ ಮಕ್ಕಳಿಗೆ. ಆದರೆ ಮೇಲಿನ ಎಂಟು ಹೆಜ್ಜೆ ನಡೆದ ಮೇಲೆ ಅರ್ಜಿ ಹಾಕಿ. ಬಂದ ಸಾಮಾನನ್ನು ಬೀರುವಿಗೆ ಸೇರಿಸದ ಅಭ್ಯಾಸ ಅಷ್ಟರಲ್ಲಿ ಆಗಿರುತ್ತದೆ.

ಟಿವಿ ಪಕ್ಕ ದಾರ ಕಟ್ಟಿ ಒಂದು ನೋಟ್‌ಬುಕ್ ತೂಗುಹಾಕಿ. ಯಾವ ಪಾಠ, ಎಷ್ಟು ನಿಮಿಷ, ಏನು ಕೆಟ್ಟಿತು, ಯಾರು ಸರಿಮಾಡಿದರು. ಬರೆಯುವವರು ಎಂಟನೇ ತರಗತಿಯ ಇಬ್ಬರು, ಪ್ರತಿ ತಿಂಗಳೂ ಬೇರೆಯವರು. ಎರಡು ತಿಂಗಳಿಗೊಮ್ಮೆ ಬ್ಯಾಟರಿಯ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡುವುದು ಮಾತ್ರ ದೊಡ್ಡವರ ಕೆಲಸ, ಆಸಿಡ್ ಇರುತ್ತದೆ. ನಮ್ಮ ನೋಟ್‌ಬುಕ್ಕಿನಲ್ಲಿ ಹೋದ ವಾರದ ಸಾಲು ಹೀಗಿದೆ: "ಗುರುವಾರ. ಟಿವಿ ಆನ್ ಆಗಲಿಲ್ಲ. ಪಿನ್ ಸಡಿಲ ಇತ್ತು. ನಾವೇ ಹಾಕಿದೆವು. ಅಕ್ಕೋರಿಗೆ ಆಮೇಲೆ ಹೇಳಿದೆವು."